ಆಷಾಢದಲ್ಲಿ ಬಾಗಿಲಿಲ್ಲದ ಮನೆ

ಮೊನ್ನೆ ಬಾಡಿಗೆ ಕರಾರು ಹೊಸದು ಮಾಡಿಸಲು ಮಧುಗಿರಿಯ ತಾಲ್ಲೂಕು ಕಚೇರಿ ಎದುರಿನ ಪತ್ರ ಬರಹಗಾರನ ಅಂಗಡಿಗೆ ಹೋಗಿದ್ದೆ. ಹನ್ನೊಂದು ತಿಂಗಳಿಗೊಮ್ಮೆ ಹೋಗುತ್ತೇನೆ, ಹತ್ತೂವರೆಗೆ ಹೋಗುತ್ತೇನೆ, ಹನ್ನೊಂದಕ್ಕೆ ಹೊರಗೆ ಬರುತ್ತೇನೆ. ಈ ಸಲ ತಡವಾಯಿತು. ಹಳೆಯ ಕರಾರನ್ನೇ ಕಂಪ್ಯೂಟರಿನಲ್ಲಿ ತೆರೆದು ತಾರೀಖು ತಿದ್ದುತ್ತಿದ್ದವನು ಕೈ ನಿಲ್ಲಿಸಿ ಕೇಳಿದ:

“ಮೇಡಂ, ಈಗ ಕೆಲವ್ರು ಒಂದು ಷರತ್ತು ಸೇರಿಸ್ತಾವ್ರೆ. ರಿಪೇರಿ ಟೈಮಲ್ಲಿ ಬಾಡಿಗೆಯೋರಿಗೆ ತೊಂದ್ರೆ ಆದ್ರೆ ಓನರ್ರು ಪರಿಹಾರ ಕೊಡ್ಬೇಕು ಅಂತ ಒಬ್ರು, ಕೊಡಂಗಿಲ್ಲ ಅಂತ ಒಬ್ರು. ನಿಮ್ದೇನು? ಹಾಕ್ಲಾ, ಬುಡ್ಲಾ?”

“ನಾಳೆ ಹೇಳ್ತೀನಿ” ಎಂದು ಎದ್ದು ಬಂದೆ. ನನ್ನನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿ. ಇವತ್ತಿನದನ್ನು ನಾಳೆಗೆ ಹಾಕುವವರನ್ನು ಕಂಡರೆ ನನಗಾಗದು. ಆದರೆ ಅವನ ಪ್ರಶ್ನೆ ಹೋದ ವರ್ಷದ ಆಷಾಢವನ್ನು ತಂದು ಎದುರಿಗೆ ನಿಲ್ಲಿಸಿತ್ತು.

ನಾನು ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು. ಅದಕ್ಕೂ ಮೊದಲು ಅಂಥದೇ ಹಾಸ್ಟೆಲ್ಲಿನಲ್ಲಿ ಓದಿದವಳು. ಹತ್ತನೆಯ ವಯಸ್ಸಿನಿಂದ ಅರುವತ್ತರವರೆಗೆ ನನ್ನನ್ನು ಎಬ್ಬಿಸಿದ್ದು, ಉಣ್ಣಿಸಿದ್ದು, ಮಲಗಿಸಿದ್ದು ಎಲ್ಲ ಒಂದು ಗಂಟೆಯೇ. ಮೊದಮೊದಲು ಬೇರೆಯವರು ಬಾರಿಸಿದರು, ಆಮೇಲೆ ನಾನು ಬಾರಿಸಿದೆ. ಈಗ ಬಾರಿಸಲು ಗಂಟೆಯಿಲ್ಲ. ಆದರೂ ಐದಕ್ಕೆ ಏಳುತ್ತೇನೆ, ಒಂಬತ್ತಕ್ಕೆ ದೀಪ ಆರಿಸುತ್ತೇನೆ, ಗುರುವಾರ ಹಾಸಿಗೆ ಬಿಸಿಲಿಗೆ ಹಾಕುತ್ತೇನೆ. ಗುರುವಾರ ಮೋಡ ಕವಿದರೆ ಸಿಟ್ಟು ಬರುತ್ತದೆ. ಮೋಡದ ಮೇಲೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ಎಂದು ಬೀದಿಯವರು ನಗುತ್ತಾರೆಂಬುದೂ ನನಗೆ ಗೊತ್ತು.

ನನ್ನದು ಕಲ್ಲುಚಪ್ಪಡಿಯ ಹಳೆಯ ಮನೆ. ಮುಂದಿನ ಭಾಗದಲ್ಲಿ ನಾನಿದ್ದೇನೆ. ಹಿಂದಿನ ಭಾಗಕ್ಕೆ ಬೇರೆ ಬಾಗಿಲು, ಬೇರೆ ಜಗಲಿ. ಅಲ್ಲಿ ಆರು ವರ್ಷದಿಂದ ನರಸಮ್ಮ ಬಾಡಿಗೆಗಿದ್ದಾಳೆ. ಪಾವಗಡದ ಕಡೆ ವಳ್ಳೂರಿನವಳು. ಅವಳ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಗಂಡ ಅಲ್ಲೇ ಕಾವಲು ಕೆಲಸಕ್ಕಿದ್ದು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾನೆ. ಇವಳು ಇಲ್ಲಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. “ಅಲ್ಲಿ ನಾವು ಓನರ್ರು, ಇಲ್ಲಿ ಬಾಡಿಗೆಯೋರು. ನಮ್ ನೆಲದಾಗೆ ಸೂರ್ಯ ಇರ್ತಾನೆ, ನಾವು ನಿಮ್ ಮನೇಲಿ ಇರ್ತೀವಿ ಮೇಡಂ” ಎಂದು ಅವಳೇ ಹೇಳಿಕೊಂಡು ನಗುವುದುಂಟು.

ಬಾಡಿಗೆ ಮನೆ ಎಂದರೆ ಏನೆಂದು ನಾನು ಅರಿಯದವಳಲ್ಲ. ಹಾಸ್ಟೆಲ್ ಸೇರುವ ಮೊದಲು ನಾವು ಸಿರಾದಲ್ಲಿ ಪಾಷಾ ಸಾಬರ ಮನೆಯಲ್ಲಿ ಬಾಡಿಗೆಗಿದ್ದೆವು. ನೀವು ಯಾವ ಜನ ಎಂದು ಕೇಳದೆ ಬೀಗದ ಕೈ ಕೊಟ್ಟವರು, ನಮ್ಮಪ್ಪ ಬಾಗಿಲು ತಟ್ಟಿದವರಲ್ಲಿ, ಅವರೊಬ್ಬರೇ. ಆ ಮನೆಯ ಮಾಳಿಗೆಯ ಚಪ್ಪಡಿಗಳ ಸಂದು ಬಿಟ್ಟು ಮಳೆ ಬಂದಾಗಲೆಲ್ಲ ನಮ್ಮಮ್ಮ ಪಾತ್ರೆಗಳನ್ನು ಸಾಲಾಗಿ ಇಡುತ್ತಿದ್ದಳು. ಯಾವ ಹನಿ ಯಾವ ಪಾತ್ರೆಗೆ ಎಂದು ನಮಗೆ ಕಂಠಪಾಠವಾಗಿತ್ತು. ಒಂದು ದಿನ ಸಾಬರು ಬೀದಿಯಲ್ಲೇ ನಿಂತು ನನ್ನನ್ನು ಕರೆದರು: “ಬೇಟಿ, ಅಮ್ಮಂಗೆ ಕೇಳ್ಕೊಂಡು ಬಾ. ಗಾರೆಯೋರು ಬರ್ತಾರಂತೆ, ಯಾವ್ ದಿನ ಬಂದ್ರೆ ಅವ್ರಿಗೆ ಆರಾಮು?” ಅಮ್ಮನಿಗೆ ಆಗ ಎಂಟು ತಿಂಗಳು. ಈಗ ಯಾವ ದಿನವೂ ಆರಾಮಲ್ಲ ಎಂದು ಹೇಳಿ ಕಳಿಸಿದಳು. ಸಾಬರು “ಅಚ್ಛಾ” ಎಂದು ಗಾರೆಯವರನ್ನು ವಾಪಸು ಕಳಿಸಿದರು. ತಮ್ಮ ಹುಟ್ಟಿ ಕೂರಲು ಕಲಿತ ಮೇಲೆಯೇ ಮಾಳಿಗೆ ರಿಪೇರಿಯಾದದ್ದು.

ಇದನ್ನು ಅರುವತ್ತು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದೆ. ಇಟ್ಟುಕೊಂಡಿದ್ದೆ ಅಷ್ಟೆ, ಉಪಯೋಗಿಸಲಿಲ್ಲ.

ಹೋದ ವರ್ಷ ನರಸಮ್ಮನ ಮನೆಯ ಮುಂಬಾಗಿಲಿಗೆ ಗೆದ್ದಲು ಬಿತ್ತು. ಚೌಕಟ್ಟಿನ ಒಂದು ಕಾಲು ಟೊಳ್ಳಾಗಿ, ಬೆರಳಿನಿಂದ ತಟ್ಟಿದರೆ ಡೋಲಿನ ಸದ್ದು ಬರುತ್ತಿತ್ತು. ನಾನು ಯೋಚನೆ ಮಾಡಿದೆ. ಆಷಾಢದಲ್ಲಿ ಯಾರೂ ಹೊಸ ಮನೆ ಶುರು ಮಾಡುವುದಿಲ್ಲ, ಗೃಹಪ್ರವೇಶಗಳಿಲ್ಲ. ಗಾರೆಯವರು ಸಲೀಸಾಗಿ ಸಿಗುತ್ತಾರೆ. ಆಷಾಢ ಹುಟ್ಟಿದ ವಾರದಲ್ಲೇ ನರಸಮ್ಮ ಎರಡು ದಿನ ಊರಿನಲ್ಲಿರುವುದಿಲ್ಲ. ಕೊರಟಗೆರೆ ಕಡೆ ಮದುವೆ ಮಾಡಿಕೊಟ್ಟಿರುವ ಮಗಳು ಶಿಲ್ಪಳನ್ನು ಕರೆತರಲು ಹೋಗುತ್ತಾಳೆ. ಅವಳಿಲ್ಲದಾಗ ಕೆಲಸ ಮುಗಿಸಿಬಿಟ್ಟರೆ ಧೂಳೂ ಇಲ್ಲ, ತೊಂದರೆಯೂ ಇಲ್ಲ. ಬಂದಾಗ ರಿಪೇರಿಯಾದ ಬಾಗಿಲು ನೋಡಿ ಖುಷಿಪಡಲಿ. ಒಂದು ಹಾಳೆಯಲ್ಲಿ ಬರೆದೆ: ಭಾನುವಾರ ಎಂಟು ಗಂಟೆ, ಕೀಳುವುದು. ಸೋಮವಾರ ಎಂಟು ಗಂಟೆ, ನಿಲ್ಲಿಸುವುದು. ಸಂಜೆ ನಾಲ್ಕು, ಗುಡಿಸುವುದು. ನರಸಮ್ಮನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಖುಷಿ ಹೇಗಾಗುತ್ತದೆ?

ಗಾರೆ ಕೆಲಸದ ರಂಗಪ್ಪ ಬುಕ್ಕಾಪಟ್ಟಣದವನು. ಭಾನುವಾರ ಬಂದು ಟೊಳ್ಳಾದ ಕಾಲೊಂದನ್ನೇ ಬಿಡಿಸಲು ಉಳಿ ಇಟ್ಟ. ಗೆದ್ದಲು ಹೊಸ್ತಿಲನ್ನೂ ತಿಂದು, ಇನ್ನೊಂದು ಕಾಲಿಗೂ ಹತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಚೌಕಟ್ಟು, ಹೊಸ್ತಿಲು ಎಲ್ಲ ಹಿಟ್ಟಾಗಿ ಜಗಲಿಯ ಮೇಲೆ ಗುಡ್ಡೆ ಬಿದ್ದಿತ್ತು. ಮನೆ ಬಾಯಿ ತೆರೆದಂತಾಯಿತು. ಬಡಗಿಯ ಹತ್ತಿರ ಸಿದ್ಧವಿದ್ದ ಇಡೀ ಚೌಕಟ್ಟೊಂದನ್ನು ಕದದ ಸಮೇತ ನಾನು ಅಂದೇ ತರಿಸಿದೆ. ಸೋಮವಾರ ಎಂಟಕ್ಕೆ ರಂಗಪ್ಪ ಅದನ್ನು ನೋಡಿ ದೂರ ನಿಂತ.

“ಇದ್ನ ನಿಲ್ಸಕಾಗಲ್ಲ ಮೇಡಮ್ನೋರೆ.”

“ಯಾಕೆ, ಅಳತೆ ಸರಿಯಿಲ್ವಾ?”

“ಅಳ್ತೆ ಸರ್ಯಾಗೈತೆ. ತಿಂಗ್ಳು ಸರಿಯಿಲ್ಲ. ಆಸಾಡ ಅಲ್ವಾ? ಆಸಾಡದಾಗೆ ಹೊಸ್ತಿಲು ಇಕ್ತಾರಾ ಯಾರಾದ್ರೂ?”

“ಹಾಗಿದ್ರೆ ಕಿತ್ತಿದ್ದು ಯಾಕಪ್ಪ?”

“ಕೀಳಕ್ಕೇನ್ ದೋಸ? ಇಕ್ಕಕ್ಕೆ ದೋಸ. ನೀವು ಒಂದ್ ಕಾಲು ರಿಪೇರಿ ಅಂದ್ರಿ, ರಿಪೇರಿಗೆ ನಂದೇನ್ ತಕರಾರಿಲ್ಲ. ಇದು ಹೊಸ ಬಾಗ್ಲಾಯ್ತು. ಪೂಜೆ ಆಗ್ಬೇಕು, ನವಧಾನ್ಯ ಇಕ್ಬೇಕು, ದಿನ ನೋಡ್ಬೇಕು.”

ನಾನು ಇಂಥದನ್ನು ನಂಬುವವಳಲ್ಲ ಎಂದೆ. “ನೀವು ನಂಬಬ್ಯಾಡಿ, ನಾನ್ ನಂಬ್ತೀನಲ್ಲ. ಹೊಸ ಮದ್ವೆ ಹೆಣ್ಣು ಬರೋ ಮನೆ ಅಂತೀರ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ರಂಗಪ್ಪ ಇಕ್ಕಿದ್ ಬಾಗ್ಲು ಅಂತಾರೆ, ಮೇಡಮ್ನೋರ್ದು ಅನ್ನಲ್ಲ” ಎಂದವನೇ, ಒಂದು ತಗಡನ್ನು ಬಾಗಿಲ ಜಾಗಕ್ಕೆ ಒರಗಿಸಿ, ಕಲ್ಲು ಕೊಟ್ಟು, ಸೈಕಲ್ ಹತ್ತಿದ. ಇನ್ನಿಬ್ಬರು ಗಾರೆಯವರಿಗೆ ಫೋನು ಮಾಡಿದೆ. ಇಬ್ಬರದೂ ಅದೇ ಪಾಠ. ಆಷಾಢವೆಂದು ಗಾರೆಯವರು ಖಾಲಿಯಿರುತ್ತಾರೆ ಎಂದು ಲೆಕ್ಕ ಹಾಕಿದ್ದ ನನಗೆ, ಅವರು ಯಾಕೆ ಖಾಲಿಯಿರುತ್ತಾರೆ ಎಂಬುದು ಹೊಳೆದಿರಲಿಲ್ಲ.

ಸಂಜೆ ಐದರ ಬಸ್ಸಿಗೆ ತಾಯಿ ಮಗಳು ಬಂದರು. ಮೊದಲ ಆಷಾಢಕ್ಕೆ ತವರಿಗೆ ಬಂದ ಮಗಳು. ನರಸಮ್ಮ ಅವಳನ್ನು ಬೀದಿಯಲ್ಲೇ ನಿಲ್ಲಿಸಿ, ಆರತಿ ತಟ್ಟೆ ತರುವ ಆತುರದಲ್ಲಿ ಮುಂಬಾಗಿಲ ಕಡೆ ನೋಡದೆ ಹಿತ್ತಲಿನಿಂದ ಒಳಗೆ ಹೋದಳು. ತಟ್ಟೆ ಹಿಡಿದು ಒಳಗಿನಿಂದ ಬಂದವಳು ತಗಡಿನ ಹಿಂದೆ ನಿಂತುಬಿಟ್ಟಳು. ಹೊರಗೆ ಮಗಳು, ಒಳಗೆ ತಾಯಿ, ಮಧ್ಯೆ ತಗಡು.

“ಅಯ್ಯೋ ದೇವುಡಾ! ಗಡಪ ಯಾಡ ಪೋಯಿಂದಿ ಮೇಡಂ?”

ಸಿಟ್ಟು ಬಂದರೆ ನರಸಮ್ಮನ ಬಾಯಿಗೆ ಪಾವಗಡದ ತೆಲುಗು ಬರುತ್ತದೆ. ಹೊಸ್ತಿಲು ಎಲ್ಲಿ ಹೋಯಿತು ಎಂದು ಅವಳು ಕೇಳಿದ್ದು. ನಾನು ಗೆದ್ದಲಿನ ವಿಷಯ ವಿವರಿಸಿದೆ, ಹಾಳೆಯನ್ನೂ ತೋರಿಸಿದೆ. ಅವಳು ಹಾಳೆಯ ಕಡೆ ನೋಡಲಿಲ್ಲ. ತಗಡು ಸರಿಸಿದೆವು. ಮಗಳು ಬಲಗಾಲು ಎತ್ತಿದಳು, ಏನನ್ನು ದಾಟಬೇಕೆಂದು ತಿಳಿಯದೆ ಒಂದು ಗಳಿಗೆ ಹಾಗೇ ನಿಂತಳು, ಆಮೇಲೆ ಮಣ್ಣಿನ ಮೇಲೆ ಕಾಲಿಟ್ಟು ಒಳಗೆ ಬಂದಳು.

ಹುಡುಗಿಯನ್ನು ವಾಪಸು ಕಳಿಸುವಂತಿರಲಿಲ್ಲ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದೇ ಅಲ್ಲವೆ ಅವಳನ್ನು ಕರೆತಂದದ್ದು. ಅಲ್ಲಿ ಹೊಸ್ತಿಲಿದೆ, ದಾಟುವಂತಿಲ್ಲ. ಇಲ್ಲಿ ದಾಟಬಹುದು, ಹೊಸ್ತಿಲಿಲ್ಲ. ನಾನೇ ವ್ಯವಸ್ಥೆ ಮಾಡಿದೆ. ಹಗಲು ಅವರು ತಮ್ಮ ಭಾಗದಲ್ಲೇ ಇರುವುದು, ಅಡುಗೆ ಅಲ್ಲೇ. ರಾತ್ರಿ ಹೊಲಿಗೆ ಯಂತ್ರದ ಸಮೇತ ನನ್ನ ಹಜಾರಕ್ಕೆ ಬರುವುದು. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಎಂದು ನನಗೆ ಹೆಮ್ಮೆಯೂ ಆಯಿತು.

ಹಗಲು ತಗಡು ಸರಿಸಿದ ಮನೆಗೆ ಯಾರು ಬೇಕಾದರೂ ಬಂದರು. ಎದುರುಮನೆಯವರು ಮದುವಣಗಿತ್ತಿಯನ್ನು ನೋಡಲು ಬಂದರು, ಪಕ್ಕದ ಬೀದಿಯವರು ಬಾಗಿಲಿಲ್ಲದ ಮನೆ ನೋಡಲು ಬಂದರು, ಒಂದು ಮೇಕೆ ಬಂದು ಬ್ಲೌಸ್ ತುಂಡು ತಿಂದು ಹೋಯಿತು. ಎಲ್ಲರಿಗಿಂತ ಹೆಚ್ಚು ಬಂದವಳು ನಾನು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ “ಎಲ್ಲ ಸರಿಯಿದೆಯಾ?” ಎಂದು ತಲೆ ಹಾಕುತ್ತಿದ್ದೆ. ಹಾಸ್ಟೆಲ್ಲಿನ ತಪಾಸಣೆ ಬಿಟ್ಟು ಹೋಗುವ ರೋಗವಲ್ಲ. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದ ಮೇಲೆ ಹಜಾರದಲ್ಲಿ ತಾಯಿ ಮಗಳು ಏನೋ ಪಿಸುಗುಟ್ಟಿದ್ದು ಕೇಳಿ, ನನಗರಿವಿಲ್ಲದೆ ಬಾಯಿಂದ ಬಂದುಬಿಟ್ಟಿತು: “ಯಾರದು ಮಾತು? ಸಾಕು, ಮಲಗಿ.” ಪಿಸುಮಾತು ನಿಂತುಹೋಯಿತು. ಮಾರನೆಯ ದಿನದಿಂದ ಅದೂ ಇಲ್ಲ.

ಶಿಲ್ಪ ತೀರ ಸುಮ್ಮನಿದ್ದಳು. ಮದುವೆಗೆ ಮೊದಲು ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದ ಹುಡುಗಿ. ಹೊಸ ಸಂಕೋಚ ಇರಬೇಕು, ಹುಡುಗಿ ಶಿಸ್ತು ಕಲಿತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿ ಓಡುವುದೇ ಹಾಗೆ.

ಎರಡು ವಾರ ಕಳೆದಿತ್ತು. ಒಂದು ಮಧ್ಯಾಹ್ನ ನರಸಮ್ಮ ಒಬ್ಬಳೇ ಜಗಲಿಯ ಮೇಲೆ ಕೂತಿದ್ದಳು. ನಾನು ಮೊದಲೇ ನಿಶ್ಚಯಿಸಿದ್ದ ಮಾತು ಹೇಳಿದೆ. “ನಿನಗೆ ತೊಂದರೆ ಆಗಿದೆ ನರಸಮ್ಮ. ಈ ತಿಂಗಳ ಬಾಡಿಗೆ ಬೇಡ.”

ಅವಳು ತಲೆ ಎತ್ತಲಿಲ್ಲ. “ಬಾಡಿಗೆ ತಗಳ್ಳಿ ಮೇಡಂ. ಗಾಳಿ ಬೆಳಕು ಜಾಸ್ತೀನೇ ಕೊಟ್ಟಿದ್ದೀರ.”

“ತಮಾಷೆ ಬೇಡ. ಏನು ಬೇಕು ಹೇಳು.”

“ಹೇಳ್ಲಾ? ವರ್ಷ ಪೂರ್ತಿ ಈ ಮಿಷನ್ ಮುಂದೆ ಬಗ್ಗಿರ್ತೀನಿ. ಆಷಾಢದಾಗೆ ಬ್ಲೌಸ್ ಹೊಲ್ಸೋರಿಲ್ಲ. ಇದೊಂದೇ ನನ್ ತಿಂಗ್ಳು. ಮಗಳು ಬಂದವ್ಳೆ. ಅವ್ಳ ಮನ್ಸಾಗೆ ಏನೋ ಐತೆ ಮೇಡಂ. ಬಸ್ಸಿನಾಗೆ ಬರ್ತಾನೇ ನಂಗೆ ತಿಳೀತು. ಮನೆಗೋಗಿ ಹೇಳ್ತೀನಮ್ಮ ಅಂದ್ಳು. ಮನೆಗ್ ಬಂದ್ರೆ ಬಾಗ್ಲೇ ಇಲ್ಲ. ಬಾಗ್ಲು ಹಾಕ್ಕೊಂಡು ಆಡೋ ಮಾತ್ನ ತಗಡಿನ ಹಿಂದೆ ಆಡಕ್ಕಾಗ್ತದಾ? ನಿಮ್ ಹಾಲ್‌ನಾಗೆ ಆಡಕ್ಕಾಗ್ತದಾ? ಈಗ ಕೇಳಿದ್ರೆ ಏನಿಲ್ಲ ಬಿಡಮ್ಮ ಅಂತಾಳೆ.”

“ನೀರು ತರುವಾಗಲೋ, ದೇವಸ್ಥಾನಕ್ಕೋ ಹೋದಾಗ…”

“ಮೇಡಂ, ನೀವು ನೂರು ಹೆಣ್ಮಕ್ಕಳನ್ನ ಸಾಕಿದೋರು. ಒಂದ್ ಹುಡ್ಗೀನಾದ್ರೂ ನೀರ್ ತರ್ತಾ ನಿಮ್ಗೆ ಮನ್ಸಿನ ಮಾತು ಹೇಳಿದ್ಲಾ?”

ನಾನು ಯೋಚಿಸಿದೆ. ನೀರು ತರುವಾಗ ಹೇಳಿರಲಿಲ್ಲ. ವಾರ್ಡನ್ ಕೋಣೆಗೆ ಬಂದೂ ಹೇಳಿರಲಿಲ್ಲ. ಯಾರಿಗೆ ಹೇಳಿಕೊಂಡರೋ. ಆ ಕೋಣೆಯ ಬಾಗಿಲನ್ನು ನಾನು ಸದಾ ತೆರೆದೇ ಇಟ್ಟಿರುತ್ತಿದ್ದೆ, ಎಲ್ಲರಿಗೂ ಕಾಣುವಂತೆ. ಅದು ಒಳ್ಳೆಯ ಆಡಳಿತ ಎಂದು ಮೇಲಧಿಕಾರಿಗಳು ಬರೆದುಕೊಟ್ಟಿದ್ದರು.

ಆಷಾಢ ಮುಗಿಯಲು ಮೂರು ದಿನವಿದ್ದಾಗ ನಾನು ಕೊರಟಗೆರೆಯ ಬಸ್ಸು ಹತ್ತಿದೆ. ಶ್ರಾವಣ ಹುಟ್ಟಿದ ಮಾರನೆಯ ದಿನವೇ ಅಳಿಯ ಬಂದು ಹುಡುಗಿಯನ್ನು ಕರೆದೊಯ್ಯುವುದೆಂದು ಮಾತಾಗಿತ್ತು. ಬಾಗಿಲು ನಿಲ್ಲಿಸುವುದೂ ಶ್ರಾವಣದಲ್ಲೇ. ಬಾಗಿಲು ಬರುವ ಹೊತ್ತಿಗೆ ಹುಡುಗಿ ಇರುವುದಿಲ್ಲ. ಕಳೆದ ದಿನಗಳನ್ನು ನಾನು ಕೊಡಲಾರೆ, ಮುಂದಿನ ಕೆಲವನ್ನಾದರೂ ಕೇಳಿ ತರಬಹುದಲ್ಲ ಎಂದುಕೊಂಡೆ.

ಶಿಲ್ಪಳ ಅತ್ತೆ ಗಂಗಮ್ಮ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ನನ್ನನ್ನು ಚಾಪೆಯ ಮೇಲೆ ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

“ಅಂಗಾರೆ ನೀವು ಹೆಣ್ಣಿನ ಕಡೆ ನೆಂಟ್ರಲ್ಲ?”

“ಅಲ್ಲ. ಮನೆ ಓನರ್.”

“ಮನೆ ಓನರ್ರು ಸೊಸೇನ ಕೇಳ್ಕಂಡು ಬಂದಿದ್ದು ಇವತ್ತೇ ನೋಡಿದ್ದು ಕಣಮ್ಮ! ಬಾಗ್ಲು ಕಿತ್ತೋರು ನೀವು, ಮುದ್ದೆ ತಿರುವೋರಿಲ್ದಂಗೆ ಇರಬೇಕಾದೋಳು ನಾನಾ?”

“ತಪ್ಪು ನನ್ನದೇ. ಅದಕ್ಕೇ ಬಂದೆ.”

“ಎಸ್ಟ್ ದಿನ ಬೇಕು?”

“ಹದಿನೈದು.”

“ಅಬ್ಬಬ್ಬಾ! ಇನ್ನೂ ಮುಂದ್ಲಾಸಾಡದಗಂಟ ಇಟ್ಕಳ್ಳಿ. ಎಂಟು ದಿನ. ಒಂಬತ್ನೇ ದಿನ ಊಟದೊತ್ತಿಗೆ ನನ್ ಸೊಸೆ ಇಲ್ಲಿರ್ಬೇಕು. ನಂಗೂ ಮನೇಲಿ ಬೇಜಾರು.”

ಹೊರಡುವಾಗ ನಾನು ಆ ಮನೆಯನ್ನು ನನ್ನ ಕಣ್ಣಿನಲ್ಲಿ ಒಂದು ಸುತ್ತು ತಪಾಸಣೆ ಮಾಡಿದೆ. ಹುಡುಗಿಯ ಬಾಯಿ ಕಟ್ಟಿದ್ದು ಏನು ಎಂದು ಗುರುತು ಸಿಕ್ಕೀತೇ ಎಂಬ ಆಸೆ. ತೊಳೆದ ಪಾತ್ರೆ, ಕಟ್ಟಿದ ಹಸು, ಗೋಡೆಗೆ ಮದುವೆಯ ಫೋಟೊ. ಏನೂ ತಿಳಿಯಲಿಲ್ಲ. ಹಾಸಿಗೆ ಮಡಿಸಿದ್ದನ್ನು ನೋಡಿ ಹುಡುಗಿಯರು ಸುಖವಾಗಿದ್ದಾರೆಂದು ವರದಿ ಬರೆಯುತ್ತಿದ್ದವಳು ನಾನು.

ಎಂಟು ದಿನ ತಂದಿದ್ದೇನೆ ಎಂದು ಹೇಳಿದಾಗ ನರಸಮ್ಮ ನನ್ನ ಮುಖವನ್ನೇ ನೋಡಿದಳು. “ನೀವಾ? ಕೊರಟಗೆರೆಗಾ? ಹೋಗೋ ಮುಂಚೆ ನನ್ನೊಂದ್ ಮಾತು ಕೇಳ್ಬಾರ್ದಾ ಮೇಡಂ? ಶ್ರಾವಣ ಬಂತು, ವರಮಹಾಲಕ್ಷ್ಮಿಗೆ ಬೀದಿ ಹೆಂಗಸರದೆಲ್ಲಾ ಬ್ಲೌಸ್ ನನ್ ಮೇಲೇ. ಮಗಳು ಇದ್ರೂ ತಲೆ ಎತ್ತಿ ನೋಡಕ್ಕೆ ಪುರುಸೊತ್ತಿಲ್ಲ.”

ಇದನ್ನೂ ನಾನು ಕೇಳದೆಯೇ ಮಾಡಿದ್ದೆ. ಬಾಗಿಲು ಕಿತ್ತ ರೀತಿಯಲ್ಲೇ ಅದರ ಪರಿಹಾರವನ್ನೂ ತಂದಿದ್ದೆ.

ಶ್ರಾವಣದ ಮೊದಲ ಒಳ್ಳೆಯ ದಿನ ರಂಗಪ್ಪ ಬಂದ. ಅರಿಶಿನ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ ಹೊಸ್ತಿಲ ಕೆಳಗಿಟ್ಟು, ಚೌಕಟ್ಟು ನಿಲ್ಲಿಸಿ, “ಇನ್ನು ಆನೆ ಬಂದ್ ಗುದ್ದಿದ್ರೂ ಅಳ್ಳಾಡಲ್ಲ” ಎಂದು ಹೊರಟುಹೋದ. ಅಷ್ಟರಲ್ಲಿ ನರಸಮ್ಮನ ಯಂತ್ರದ ಸುತ್ತ ಬಟ್ಟೆಯ ಗಂಟುಗಳು. ಮಗಳು ಹುಕ್ಕು ಹೊಲಿಯಲು ಕೂರುತ್ತಿದ್ದಳು. ಪ್ರತಿ ಐದು ನಿಮಿಷಕ್ಕೆ ಒಬ್ಬ ಗಿರಾಕಿ. ಬಾಗಿಲು ಬಂದರೂ ಅದನ್ನು ಹಾಕುವ ಹೊತ್ತು ಅವರಿಗೆ ಸಿಗಲಿಲ್ಲ. ನಾಲ್ಕು ದಿನ ಹಾಗೇ ಹೋಯಿತು.

ಐದನೆಯ ದಿನ ಊಟವಾದ ಮೇಲೆ ಹೋಗಿ ಕೇಳಿದೆ. ಈ ಸಲ ಕೇಳಿದೆ ಎಂಬುದನ್ನು ಗಮನಿಸಬೇಕು.

“ನರಸಮ್ಮ, ಹುಕ್ಕು ಹೊಲಿಯೋದನ್ನ ನನಗೆ ಕೊಡ್ತೀಯಾ? ನಾನು ಜಗಲಿ ಮೇಲೆ ಕೂತು ಹೊಲೀತೀನಿ. ಯಾರಾದ್ರೂ ಬಂದ್ರೆ ಸಂಜೆ ಬನ್ನಿ ಅಂತೀನಿ. ನೀನು ಮಿಷನ್ ನಿಲ್ಲಿಸಿ ಬಾಗಿಲು ಹಾಕ್ಕೋ. ಆಗುತ್ತಾ?”

ಅವಳು ಮಗಳ ಕಡೆ ನೋಡಿದಳು. ಮಗಳು ನೆಲ ನೋಡಿದಳು. ನರಸಮ್ಮ ಏಳು ಬ್ಲೌಸು, ಒಂದು ಡಬ್ಬಿ ಹುಕ್ಕು, ಸೂಜಿ, ದಾರ ತಂದು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಅಗುಳಿ ಬಿದ್ದ ಸದ್ದೂ ಕೇಳಿಸಿತು.

ನಾನು ಸೂಜಿಗೆ ದಾರ ಪೋಣಿಸಿದೆ. ಅದಕ್ಕೇ ಬಹಳ ಹೊತ್ತು ಹಿಡಿಯಿತು. ಬಂದವರನ್ನೆಲ್ಲ ಕೈಸನ್ನೆಯಲ್ಲೇ ತಿರುಗಿಸಿದೆ. “ನರಸಮ್ಮ ಇಲ್ವಾ?” ಎಂದವರಿಗೆ “ಇದ್ದಾಳೆ, ಆದ್ರೆ ಇಲ್ಲ” ಎಂದೆ. ಒಳಗಿನಿಂದ ನನಗೆ ಒಂದು ಮಾತೂ ಕೇಳಿಸಲಿಲ್ಲ. ಮೊದಲ ಬಾರಿಗೆ, ಕೇಳಿಸದಿದ್ದುದು ನನಗೆ ಸಮಾಧಾನವಾಯಿತು. ಬಡಗಿ ಮರವನ್ನು ದಪ್ಪವಾಗಿಯೇ ಕೊಟ್ಟಿದ್ದ. ನಡುವೆ ಒಮ್ಮೆ ಯಾರೋ ಅತ್ತಂತೆ ಅನಿಸಿತು. ಎದ್ದು ಜಗಲಿಯ ಆ ಕೊನೆಗೆ ಹೋಗಿ ಕೂತೆ. ಮಧ್ಯಾಹ್ನದ ಮಲಗುವ ಹೊತ್ತು ಮೀರಿತು, ಚಹಾದ ಹೊತ್ತೂ ಮೀರಿತು.

ನೆರಳು ಬೀದಿಯ ಆಚೆಗೆ ಹೋಗುವ ವೇಳೆಗೆ ಅಗುಳಿ ತೆಗೆದ ಸದ್ದಾಯಿತು. ಇಬ್ಬರ ಕಣ್ಣೂ ಕೆಂಪಾಗಿದ್ದವು. ನರಸಮ್ಮ ಒಂದೇ ಮಾತು ಹೇಳಿದಳು: “ನಾಳಿದ್ದು ನಾನೇ ಅವ್ಳ ಜೊತೆ ಹೋಗ್ತೀನಿ ಮೇಡಂ. ಗಂಗಮ್ಮನ ಹತ್ರ ಕೂತು ಮಾತಾಡಿದ್ರೆ ಆಗೋ ಅಂಥದ್ದೇ.” ಯಾವುದು ಎಂದು ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಶಿಲ್ಪ ನನ್ನ ಪಕ್ಕ ಕೂತು, ನಾನು ಮುಗಿಸಿ ಮಡಿಸಿಟ್ಟಿದ್ದ ಬ್ಲೌಸುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಎಲ್ಲ ಹುಕ್ಕುಗಳೂ ಒಂದೇ ಅಂತರದಲ್ಲಿ, ನೇರ ಸಾಲಿನಲ್ಲಿ, ಪ್ರಾರ್ಥನೆಗೆ ನಿಂತ ಹುಡುಗಿಯರಂತೆ ಇದ್ದವು. ಅವಳು ಒಂದನ್ನು ಬೆಳಕಿಗೆ ಹಿಡಿದಳು. ಇನ್ನೊಂದನ್ನು ಹಿಡಿದಳು.

“ಅಮ್ಮಾ, ಬಾ ಇಲ್ಲಿ, ನೋಡು” ಎಂದಳು. “ಮೇಡಂ, ಇದು ಕಾಜ ಮಾಡೋ ಪಟ್ಟಿ. ಹುಕ್ಕು ಆ ಕಡೇದಕ್ಕೆ. ಏಳಕ್ಕೇಳೂ ಉಲ್ಟಾ ಹೊಲಿದಿದ್ದೀರ!”

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿ ಆಗದೆ ಬಾಯಿಗೆ ಬ್ಲೌಸನ್ನೇ ಒತ್ತಿಕೊಂಡಳು. ನರಸಮ್ಮನೂ ನಕ್ಕಳು. ಎದುರುಮನೆಯವರು ಏನಾಯಿತೆಂದು ಹೊರಗೆ ಬಂದು ನೋಡಿದರು.

ನಾನು ಕತ್ತರಿ ಕೇಳಿ ಪಡೆದು, ಮೊದಲನೆಯದರಿಂದ ಬಿಚ್ಚತೊಡಗಿದೆ.